ಇತರೆ

ಅಕ್ಟೋಬರಿನ ಎರಡನೇ ಮಂಗಳವಾರ,
ಮೆಥಡಿಸ್ಟ್ ಚರ್ಚಿನ ಹಿಂದಿನ ಕೋಣೆ.
ಹನ್ನೊಂದು ಜನ, ಒಂಬತ್ತು ಕುರ್ಚಿ,
ನಾಣ್ಯ ಹಾಕಿದರೆ ಮಾತ್ರ ಉರಿಯುವ ಹೀಟರು.
ನಾರ್ಥಂಬರ್‌ಲ್ಯಾಂಡಿನ ಗಾಳಿಗೆ ಟಿಕೆಟ್ಟು ಬೇಕಿಲ್ಲ,
ಬಾಗಿಲ ಸಂದಿಯಲ್ಲೇ ಹತ್ತುತ್ತದೆ.

ಖಜಾಂಚಿ ನಾನು. ಮೂವತ್ತು ವರ್ಷ ಬಸ್ಸು ಓಡಿಸಿದವಳಿಗೆ
ಚಿಲ್ಲರೆ ಎಣಿಸಲು ಬರುತ್ತದೆಂದು ಕೊಟ್ಟ ಪದವಿ.
ಜೇನುಮೇಳದಲ್ಲಿ ಉಳಿದದ್ದು ನಲವತ್ತು ಪೌಂಡು.
ಪ್ರಾಣಿದಯಾ ಸಂಘಕ್ಕೆ ಕೊಡೋಣವೇ, ಎಂದೆ. ಅಷ್ಟೆ.

ಹೊಗೆ ಹಾಕದೆ ಪೆಟ್ಟಿಗೆಯ ಮುಚ್ಚಳ ತೆಗೆದ ಹಾಗಾಯಿತು.

ವಿನಿಫ್ರೆಡ್ ಡಾಡ್ಸ್ ಎದ್ದಳು. ಮೇ ತಿಂಗಳಲ್ಲಿ
ಮೀನಂಗಡಿಯ ಬೋರ್ಡಿಗೆ ಹಿಂಡು ಜೋತುಬಿದ್ದಾಗ
ಅವರಿಗೇ ಫೋನು ಮಾಡಿದ್ದೆ.
ನಾಯಿಗೆ ಒಂದು ಒತ್ತಿ, ಬೆಕ್ಕಿಗೆ ಎರಡು,
ಗಾಯಗೊಂಡ ಹಂಸಕ್ಕೆ ಮೂರು.
ಇತರೆಯವರು ಕಾಯಿರಿ.
ಇಪ್ಪತ್ತು ನಿಮಿಷ ಪಿಯಾನೋ ಕೇಳಿದೆ.
ಕೊನೆಗೊಬ್ಬ ಹುಡುಗ, ಪಾಪ, ತುಂಬ ಮೆತ್ತಗೆ:
ಮೇಡಂ, ಅದಕ್ಕೆ ಬೆನ್ನೆಲುಬು ಇದೆಯೇ?

ಆಸ್ವಿನ್ ಹೆಡ್ಲಿ ನಗಲಿಲ್ಲ.
ಸಂಘಕ್ಕೆ ಮೂರು ಸಲ ರಾಜೀನಾಮೆ ಕೊಟ್ಟವನು,
ಮೂರು ಸಲವೂ ವಿಮೆಗಾಗಿ ಮರಳಿದವನು.
ಅವರ ಕರಪತ್ರವನ್ನು ಸುರುಳಿ ಸುತ್ತಿ ಹಿಡಿದಿದ್ದ.
ಜೇನುತುಪ್ಪ ಕದ್ದ ಮಾಲಂತೆ! ಸರಿ, ನಾನು ಕಳ್ಳ.
ಸೆಪ್ಟೆಂಬರಿನಲ್ಲಿ ಸಕ್ಕರೆ ಪಾಕ ಹೊತ್ತು
ಅದೇ ಮನೆಗೆ ವಾಪಸು ಹೋಗುವ ಕಳ್ಳ.
ಇನ್ನು ನೀವು, ನೀವೇನು ಕಡಿಮೆಯೇ?
ನುಸಿಗೆ ಆಮ್ಲ ಹಾಕಬೇಕೋ ಬೇಡವೋ ಅಂತ
ಹನ್ನೆರಡು ವರ್ಷದಿಂದ ಚಹಾ ಕುಡಿಯುತ್ತಿದ್ದೀರಿ.
ನುಸಿ ಅಷ್ಟರಲ್ಲಿ ಮರಿಮಕ್ಕಳನ್ನು ಕಂಡಿತು.

ಆಗ ಕೆಜಾಯಾ ಫೆನ್ವಿಕ್, ಸೇರಿ ಎರಡು ತಿಂಗಳಾದವಳು,
ವಾರದ ಐದು ದಿನ ಆ ಸಂಘದಲ್ಲೇ ನಾಯಿಗಳ ಗಾಯ ತೊಳೆಯುವವಳು,
ಕೇಳಿದಳು: ರಾಣಿಯ ರೆಕ್ಕೆ ಕತ್ತರಿಸುತ್ತೀರಲ್ಲ,
ಆಗ ಅವಳು ಕಾಲು ಝಾಡಿಸುತ್ತಾಳೆಯೇ?

ಯಾರೂ ಮಾತಾಡಲಿಲ್ಲ.
ದೀಪದ ಸುತ್ತ ಗುಂಯ್ ಎನ್ನುತ್ತಿದ್ದ ಕಣಜ ಆ ಹೊತ್ತಿಗೇ
ಬಿಸ್ಕತ್ತಿನ ತಟ್ಟೆಯ ಮೇಲೆ ಇಳಿಯಿತು.
ಹೆಡ್ಲಿ ಕರಪತ್ರ ಎತ್ತಿ ಒಂದೇ ಏಟು.
ನಾವು ಹತ್ತು ಜನ ತಲೆದೂಗಿದೆವು.
ಕೆಜಾಯಾ ತಟ್ಟೆಯನ್ನೇ ನೋಡುತ್ತಿದ್ದಳು.

ನಾನು ಹೇಳಬೇಕೆಂದದ್ದು ಬೇರೆ.
ಮೂರು ವರ್ಷದ ಹಿಂದೆ ನನ್ನ ಎರಿಯಲ್ಲಿ ಕಡ್ಡಿ ಚುಚ್ಚಿ ಎಳೆದರೆ
ಕಂದು ಅಂಟು ನೂಲಿನಂತೆ ಬಂತು.
ಇನ್ಸ್‌ಪೆಕ್ಟರು ಹಾಳೆ ತುಂಬಿದ. ರೋಗಕ್ಕೆ ಅದರಲ್ಲಿ ಜಾಗವಿತ್ತು.
ಗುಂಡಿ ತೋಡಲು ಹೆಡ್ಲಿ ಸಲಿಕೆ ತಂದ,
ಆ ತಿಂಗಳು ಅವನು ಸಂಘದಲ್ಲಿರಲಿಲ್ಲ.
ವಿನಿಫ್ರೆಡ್ ಲಾಟೀನು ಹಿಡಿದಳು.
ಕತ್ತಲಾಗುವವರೆಗೆ ಕಾದೆವು,
ಹೊರಗೆ ಹೋದವರೆಲ್ಲ ಮನೆ ಸೇರಲಿ ಎಂದು.
ಕಡೆಯವಳು ಒಬ್ಬಳು, ಕಾಲ ತುಂಬ ಹಳದಿ ಪರಾಗ,
ಬಾಗಿಲಲ್ಲಿ ಸ್ವಲ್ಪ ದಣಿವಾರಿಸಿಕೊಂಡು ಒಳಗೆ ಹೋದಳು.
ಪೆಟ್ರೋಲು ಸುರಿದದ್ದು ನಾನು.
ಸದ್ದು ಮೊದಲು ಏರಿತು. ಆಮೇಲೆ ಇಲ್ಲ.
ಬೆಂಕಿಗೆ ಇಡೀ ಕಣಿವೆ ಪಾಕ ಕಾಯಿಸಿದ ವಾಸನೆ,
ಯಾರದೋ ಮನೆಯಲ್ಲಿ ಹಬ್ಬವಿದ್ದಂತೆ.
ಹೆಡ್ಲಿ ಟೋಪಿ ತೆಗೆದು ನಿಂತಿದ್ದ.

ಯಾರಾದರೂ ಬರಬೇಕಿತ್ತು ಅಂದು, ಸಮವಸ್ತ್ರ ತೊಟ್ಟವರು,
ಟಾರ್ಚು ಮುಖಕ್ಕೇ ಹಿಡಿದು ಗದರುವವರು:
ಏನು ಮಾಡುತ್ತಿದ್ದೀಯ ಇಲ್ಲಿ, ಈ ಜೀವಗಳಿಗೆ?
ಉತ್ತರ ಇತ್ತು ನನ್ನ ಹತ್ತಿರ.
ಕೇಳುವವರಿರಲಿಲ್ಲ.
ನಲವತ್ತು ಪೌಂಡು ಅದಕ್ಕೆ.

ಇದನ್ನೆಲ್ಲ ಹೇಳಲಿಲ್ಲ. ಪರ ಐದು, ವಿರೋಧ ಐದು,
ಕೆಜಾಯಾ ಕೈ ಎತ್ತಲೇ ಇಲ್ಲ.
ಮುಂದಿನ ತಿಂಗಳಿಗೆ, ಎಂದು ಬರೆದುಕೊಂಡೆ.
ಹೀಟರು ಆರಿತು. ನಾಣ್ಯ ಯಾರ ಜೇಬಿನಲ್ಲೂ ಇಲ್ಲ.
ಎಲ್ಲರೂ ಕೋಟು ತೊಟ್ಟು, ಕುರ್ಚಿ ಹತ್ತಿರ ಎಳೆದುಕೊಂಡು,
ಆಮ್ಲದ ಜಗಳ ಮೊದಲಿನಿಂದ ಶುರು ಮಾಡಿದರು.