ಐದನೆಯ ಬೆರಳು

ಕೊಳ್ಳಲು ಬಂದವರು ಮೊದಲು ಕಾಲು ನೋಡುತ್ತಾರೆ.
ಲೋಕದ ಕೋಳಿಗೆ ನಾಲ್ಕು, ಡಾರ್ಕಿಂಗಿಗೆ ಐದು ಬೆರಳು.
ಐದನೆಯದು ನೆಲ ಮುಟ್ಟುವುದಿಲ್ಲ, ಕೆದಕುವುದಿಲ್ಲ,
ಹಿಂದೆ ಮೇಲಕ್ಕೆ ಬಾಗಿಕೊಂಡು ಸುಮ್ಮನಿರುತ್ತದೆ,
ಮದುವೆಮನೆಯಲ್ಲಿ ಯಾರೂ ಕೆಲಸ ಹೇಳದ ಹಿರಿಯನಂತೆ.

ಕಾಲು ಬಿಡಿ, ಎದೆ ಮುಟ್ಟಿ ನೋಡಿ, ಅನ್ನುತ್ತೇನೆ ನಾನು.
ಎದೆಯೇಣು ಎರಡು ಬೆರಳ ನಡುವೆ ಸಿಗಬೇಕು,
ನೇಗಿಲಗೆರೆಯ ಹಾಗೆ ನೇರ,
ಆಚೀಚೆ ಮಾಂಸ ತುಂಬಿ ಅಂಗೈ ಅಗಲ.
ಇಪ್ಪತ್ತಾರು ವರ್ಷ ಹೀಗೆಯೇ ಆರಿಸಿದ್ದು:
ಹದಿನಾರು ವಾರಕ್ಕೆ ಒಂದೊಂದನ್ನೂ ಮಡಿಲಲ್ಲಿ ಅಂಗಾತ ಮಲಗಿಸಿ,
ಇದು ತಳಿಗೆ,
ಇದು ಭಾನುವಾರಕ್ಕೆ.

ಏಪ್ರಿಲಿನಲ್ಲಿ ಶ್ರೂಸ್‌ಬರಿಯ ಆಸ್ಪತ್ರೆಯವರು
ನನ್ನ ಎದೆ ನೋಡಿದರು.
ಪುಕ್ಕದ ಹುಡಿ, ಮಿಸೆಸ್ ಗ್ವಿಲ್ಟ್, ಒಳಗೆ ಹೋಗಿ ಕೂತಿದೆ.
ಕೋಳಿ ಬೇಕೋ ಉಸಿರು ಬೇಕೋ ನೀವೇ ಹೇಳಿ.
ಬಸ್ಸಿನಲ್ಲಿ ಬರುತ್ತ ಯೋಚಿಸಿದೆ,
ನನ್ನನ್ನೇ ಮಲಗಿಸಿ ನೋಡಿದ್ದರೆ ಯಾವ ಸಾಲಿಗೆ ಹಾಕುತ್ತಿದ್ದೆ?
ಭಾನುವಾರಕ್ಕೇ, ಅನುಮಾನವಿಲ್ಲ.

ಲಡ್ಲೋದಿಂದ ಒಬ್ಬ ಹೋಟೆಲಿನವ ಬಂದ.
ಎಲ್ಲ ಕೊಡಿ, ಹುಂಜವೂ ಇರಲಿ, ಹಲಗೆಯ ಮೇಲೆ
ಸೀಮೆಸುಣ್ಣದಲ್ಲಿ ತಳಿಯ ಹೆಸರು ಬರೆಯಬಹುದು, ಅಂದ.
ಒಳ್ಳೆಯ ಬೆಲೆಯನ್ನೇ ಹೇಳಿದ. ಒಂದು ವಾರಾಂತ್ಯಕ್ಕೆ ಮುಗಿಯುತ್ತಿತ್ತು
ಇಪ್ಪತ್ತಾರು ವರ್ಷ.
ಆಮೇಲೆ ಹೊಸ ಬೂಟಿನ ಗಂಡಹೆಂಡಿರು,
ಅಯ್ಯೋ ಎಷ್ಟು ಚಂದದ ಬೂದುಬಣ್ಣ, ಇವಳ ಹೆಸರೇನು?
ಹೆಸರಿಲ್ಲ. ರುಚಿ ಇದೆ, ಅಂದೆ.
ಅವರು ಮತ್ತೆ ಫೋನು ಮಾಡಲಿಲ್ಲ.

ಮೂರನೆಯವಳು ಕ್ಯಾರಿಸ್ ಪ್ಯೂ, ಗಡಿಯಾಚೆ ವೇಲ್ಸಿನ ಹುಡುಗಿ,
ಮಾವನ ಕುರಿಗಾಡಿ ಎಳೆದುಕೊಂಡು ಬಂದವಳು.
ಕಾಲು ನೋಡಲಿಲ್ಲ. ಮಾತೂ ಆಡಲಿಲ್ಲ.
ಹೇಟೆಯನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿ
ಕಣ್ಣು ಮುಚ್ಚಿ ಎದೆಯಡಿಗೆ ಕೈ ಹಾಕಿದಳು.
ಹದಿನೈದರಲ್ಲಿ ಒಂದನ್ನು ಕೆಳಗಿಳಿಸಿ,
ಇದರ ಏಣು ಸೊಟ್ಟ, ಬೇಡ.

ಸೊಟ್ಟವೇ. ಎರಡು ವರ್ಷದಿಂದ ನನಗೆ ಗೊತ್ತು.
ಒಳ್ಳೆಯ ತಾಯಿ, ಕಾವಿಗೆ ಕೂತರೆ ಮಳೆಗೂ ಏಳುವವಳಲ್ಲ
ಅಂತ ಪುಸ್ತಕದಲ್ಲಿ ಸುಳ್ಳು ಬರೆದಿದ್ದೆ.
ನಾಲ್ಕುನೂರು ಪೌಂಡು ಅಂದಿದ್ದವಳು
ಮುನ್ನೂರಕ್ಕೆ ಕೈ ಚಾಚಿದೆ.
ಪುಸ್ತಕವನ್ನೂ ಕೊಟ್ಟೆ. ಈ ಕತ್ತರಿಗುರುತು ಏನು? ತಿಂದದ್ದು.
ಅದರ ಪಕ್ಕದ ಸೊನ್ನೆ? ತುಂಬ ಚೆನ್ನಾಗಿದ್ದದ್ದು.
ಅವಳು ಆಗ ನಕ್ಕಳು, ಒಂದೇ ಸಲ.

ಕೋಳಿಯನ್ನು ಕತ್ತಲಲ್ಲಿ ಸಾಗಿಸಬೇಕು, ಆಗ ಅವು ಗಲಾಟೆ ಮಾಡವು.
ಗೂಡಿನೊಳಗೆ ಬರಬೇಡಿ, ಅಂದಳು ಕ್ಯಾರಿಸ್,
ಬೇಲಿಯಾಚೆ ನಿಂತು ಟಾರ್ಚು ಹಿಡಿಯಿರಿ.
ಬಾಯಿಗೆ ಬಟ್ಟೆ ಕಟ್ಟಿ, ನನ್ನದೇ ಅಂಗಳದಲ್ಲಿ ಕಳ್ಳಿಯಂತೆ ನಿಂತೆ.
ಒಂದೊಂದಾಗಿ ನನ್ನೆದುರೇ ಹಾದುಹೋದವು,
ಹದಿನಾಲ್ಕು ಹೇಟೆ, ಎರಡು ಹುಂಜ,
ನಿದ್ದೆಗಣ್ಣಲ್ಲಿ, ಬೆಳಕು ಬಿದ್ದಾಗ ಒಂದು ರೆಪ್ಪೆ ಎತ್ತಿ.

ನನ್ನ ಹುಂಜ ಕೂಗದೆಯೂ ಬೆಳಗಾಯಿತು.
ಆಗುತ್ತದೆಂದು ಗೊತ್ತಿತ್ತು, ಆದರೂ
ಇಷ್ಟು ಸಲೀಸಾಗಿ ಆಗುತ್ತದೆಂದುಕೊಂಡಿರಲಿಲ್ಲ.
ಅಂಗಳದಲ್ಲಿ ಅವಳೊಬ್ಬಳೇ, ಸೊಟ್ಟ ಏಣಿನವಳು,
ಖಾಲಿ ಗೂಡಿನ ಬಾಗಿಲಿಗೆ ಹೋಗಿ ಬಂದು, ಹೋಗಿ ಬಂದು,
ಯಾರನ್ನೋ ಊಟಕ್ಕೆ ಕರೆಯುವ ದನಿಯಲ್ಲಿ.
ಕೋಳಿ ಒಂಟಿಯಾಗಿ ಬದುಕುವುದಿಲ್ಲ. ಶನಿವಾರದವರೆಗೆ ತಡೆದೆ.
ಗಾಳಿಗೆ ಬೆನ್ನು ಕೊಟ್ಟು ಬೇಗ ಮುಗಿಸಿದೆ,
ಪುಕ್ಕವನ್ನು ಬಿಸಿನೀರಲ್ಲೇ ಕಿತ್ತೆ, ಹುಡಿ ಏಳದ ಹಾಗೆ.

ಮುದಿ ಹೇಟೆ, ಐದು ಗಂಟೆ ಕುದಿಯಿತು,
ಈರುಳ್ಳಿ, ಬಾರ್ಲಿ, ಕಾಲುಗಳೂ ಅದರಲ್ಲೇ.
ಕಿಟಕಿ ತೆಗೆದಿಟ್ಟು ಊಟಕ್ಕೆ ಕೂತೆ.
ಮೂರನೆಯದೋ ನಾಲ್ಕನೆಯದೋ ಚಮಚದಲ್ಲಿ
ಆ ಬೆರಳು ಬಂತು, ಏನೂ ಮಾಡದೆ ಇದ್ದದ್ದು.
ತಟ್ಟೆಯಂಚಿಗೆ ಇಟ್ಟೆ.
ಆಮೇಲೆ ತೆಗೆದುಕೊಂಡು ಚೀಪಿದೆ.