ಎರಡಕ್ಷರ

ಮೇಯೊ ಹಾಲ್ ಕೋರ್ಟಿನ ಗೇಟಿನಾಚೆ
ನನ್ನ ಮೇಜು, ಒಂದು ಕೊಡೆ, ಪುಟಕ್ಕೆ ನಲವತ್ತು.
ಮುನಿಲಕ್ಷ್ಮಮ್ಮ ತಂದ ಹಾಳೆ, ಮೊಮ್ಮಗಳ ಕೈಬರಹ:
‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಥರ್ಟಿ ಇಯರ್ಸ್.’

‘ಸಿನ್ಸ್’ ಹೊಡೆದು ‘ಫಾರ್’ ಹಾಕಿದೆ.
ನಮ್ಮಲ್ಲಾದರೆ ಒಂದು ‘ಇಂದ’ ಸಾಕು:
ಮದುವೆಯಾದಾಗಿನಿಂದ, ಮೂವತ್ತು ವರ್ಷದಿಂದ,
ಬೀದಿಗೆ ನಲ್ಲಿ ಬರುವ ಮೊದಲಿನಿಂದ.
‘ಆಮ್’ ಕೂಡದು, ‘ಹ್ಯಾವ್ ಬೀನ್’ ಆಗಬೇಕು ಎಂದೆ.

ಹಂಗಂದ್ರೆ?
ಇದ್ದೆ, ಇನ್ನೂ ಇದೀನಿ ಅಂತ.
ಆಮ್ ಅಂದ್ರೆ?
ಇದೀನಿ.

ಕಣ್ಣು ಕಿರಿದು ಮಾಡಿ ಹಾಳೆ ನೋಡಿತು ಅಜ್ಜಿ.
ಪದ ಒಂದು ಕಡೆ, ಬೆರಳು ಇನ್ನೊಂದು ಕಡೆ.
‘ಇದ್ದೆ ಗಿದ್ದೆ ಬ್ಯಾಡ ಸ್ವಾಮಿ,
ನಾಳೆ ಜೆಸಿಬಿ ಬತ್ತದೆ.
ಇದೀನಿ ಅಂತ್ಲೇ ಹೊಡೀರಿ.’

ರಿಬ್ಬನ್ನು ಮಾಸಿತ್ತು.
ಆ ಎರಡಕ್ಷರ ಎರಡೆರಡು ಸಲ ಹೊಡೆದೆ.