ಕರೆಯದೆ ದಾಟುವಂತಿಲ್ಲ

ಹಲ್ಲು ಮೊದಲು ಬಂತು.
ಡೆಂಟಲ್ ಕಾಲೇಜಿನ ಹುಡುಗ ಧನ್ಯಕುಮಾರ
ನನ್ನ ದವಡೆಯ ಅಚ್ಚು ತೆಗೆದು
ಎರಡು ಕೋರೆ ಮಾಡಿಕೊಟ್ಟ.
ತುದಿ ಉಜ್ಜಿ ಮೊಂಡು ಮಾಡಿದ್ದ:
"ನಿಮ್ಮ ತುಟಿ ನೀವೇ ಕಚ್ಕೋಬಾರದಲ್ಲ ಅಕ್ಕ."
ಹಾಕಿಕೊಂಡರೆ 'ಸ' ಹೊರಡುವುದಿಲ್ಲ.
ಹಾಥನ, ಹಾಥನ, ಅಂತ ಕನ್ನಡಿಯ ಮುಂದೆ
ನನ್ನ ಊರಿನ ಹೆಸರನ್ನೇ ಒಂದು ವಾರ ಕಲಿತೆ.

ಆಮೇಲೆ ನಿಯಮ.
ಸೈಕಲ್ ಅಂಗಡಿಯ ಮೇಲೆ, ಮುಚ್ಚಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ
ಇಮ್ರೋಜ್ ಕೈಬರಹದ ಹಾಳೆ ಹಂಚಿದ:
ಯಾರನ್ನೂ ಮುಟ್ಟುವಂತಿಲ್ಲ.
ಎದೆಯ ಮೇಲೆ ಕೈ ಕತ್ತರಿ ಹಾಕಿದವರು ಕಣ್ಣಿಗೆ ಕಾಣುವುದಿಲ್ಲ,
ಕಂಡರೂ ಕಾಣಬಾರದು.
ಜಗಳವಾದರೆ ಕಲ್ಲು, ಕಾಗದ, ಕತ್ತರಿ;
ಮುನ್ನೂರು ವರ್ಷದ ರಕ್ತಪಿಶಾಚಿಯೂ ಕಾಗದಕ್ಕೆ ಸೋಲಬಹುದು.
ಅಳು ಬಂದರೆ, ನಿಜವಾದ ಅಳು,
ಹಣೆಗೆ ಅಂಗೈ ಇಡಿ, ಆಟ ನಿಲ್ಲುತ್ತದೆ.
ಕರೆಯದೆ ಹೊಸ್ತಿಲು ದಾಟುವಂತಿಲ್ಲ.

ಇದೊಂದು ನನಗೆ ಬರುತ್ತೆ ಅಂದೆ.
ಎಲ್ಲರೂ ನಕ್ಕರು.

ಬೆಳಗಿನ ಆರಕ್ಕೆ ನನ್ನ ಸ್ಕೂಟಿ
ವಿದ್ಯಾನಗರ, ಹೇಮಾವತಿನಗರ, ಸಾಲಗಾಮೆ ರಸ್ತೆ.
ಬೂದು ಮುಚ್ಚಳ ಸಕ್ಕರೆಗೆ, ನೇರಳೆ ಮುಚ್ಚಳ ಹಿಮೋಗ್ಲೋಬಿನ್ನಿಗೆ.
ಸೂಜಿ ಇಳಿಯುವಾಗ ಎಲ್ಲರೂ ಗೋಡೆ ನೋಡುತ್ತಾರೆ.
ಕೆಲವು ಮನೆಯಲ್ಲಿ ಸೋಫಾ, ಫ್ಯಾನು, ಬೇಡವೆಂದರೂ ಕಾಫಿ.
ಕೆಲವು ಮನೆಯಲ್ಲಿ ಮೊದಲು ಊರು ಕೇಳುತ್ತಾರೆ,
ಊರಲ್ಲಿ ಯಾವ ಬೀದಿ ಅಂತ ಕೇಳುತ್ತಾರೆ,
ಆಮೇಲೆ ಪ್ಲಾಸ್ಟಿಕ್ ಕುರ್ಚಿ ತಾನೇ ಹೊರಗೆ ಬರುತ್ತದೆ.
ಅವರ ರಕ್ತ ನನ್ನ ಐಸ್ ಡಬ್ಬಿಯಲ್ಲಿ ಊರೆಲ್ಲ ಸುತ್ತುತ್ತದೆ.
ನಾನು ಜಗಲಿ ದಾಟಿಲ್ಲ.

ಪಾತ್ರ ಬರೆದು ತನ್ನಿ ಅಂದಿದ್ದರು:
ಹೆಸರು, ಸತ್ತ ವರ್ಷ, ಯಾತರ ಹಸಿವು.
ಉಳಿದವರು ಇಬ್ಬರು ಪಾಳೇಗಾರರು, ಒಬ್ಬ ಪರಂಗಿ ದೊರೆ,
ಬಿ.ಕಾಂ. ಓದುವ ಒಬ್ಬಳು ರಾಣಿ.
ನಾನು ಕೆಂಪಾಜಮ್ಮ, ಸೂಲಗಿತ್ತಿ, ಪ್ಲೇಗಿನ ವರ್ಷ ಸತ್ತವಳು.
ಹೆರಿಗೆ ನೋವಿಗೆ ಒಳಕೋಣೆಗೆ ಕರೆಸಿಕೊಂಡು
ಮಗು ಅತ್ತ ಕೂಡಲೆ ಅವಳು ಕೂತ ನೆಲ ಸಾರಿಸಿದರು.
ಇದು ಕಟ್ಟುಕತೆಯಲ್ಲ, ಅಜ್ಜಿಯ ಅಜ್ಜಿ.
ಹಸಿವಿನ ಮುಂದೆ ಖಾಲಿ ಬಿಟ್ಟೆ.

ಶನಿವಾರ, ರಾತ್ರಿ ಎಂಟು.
ಮುಖಕ್ಕೆ ಪೌಡರು, ಗದ್ದಕ್ಕೆ ಬೀಟ್ರೂಟಿನ ರಸ.
ಸಿಟಿ ಬಸ್ಸಿನ ಕಂಡಕ್ಟರು "ನಾಟಕಾನಾ?" ಅಂದ.
ಡ್ಯೂಟಿ ಅಂದೆ.

ಮೇಲಿನ ಬಾಗಿಲಿಗೆ ಯಾರೋ ಸೀಮೆಸುಣ್ಣದಲ್ಲಿ
"ನಾಳೆ ಬಾ" ಬರೆದಿದ್ದರು, ತಮಾಷೆಗೆ.
ಅಜ್ಜಿಯೂ ಬರೆಯುತ್ತಿದ್ದಳು.
ಪಿಶಾಚಿಗೆ ಓದು ಬರುತ್ತದಂತೆ, ಲೆಕ್ಕ ಬರುವುದಿಲ್ಲ,
ದಿನಾ ಬಂದು, ದಿನಾ ಓದಿ, ತಿರುಗಿ ಹೋಗುತ್ತದೆ.

ನಿಂತೆ.
ಒಳಗೆ ಆಟ ಶುರುವಾಗಿತ್ತು, ರಾಣಿ ಯಾರನ್ನೋ ಗಡೀಪಾರು ಮಾಡುತ್ತಿದ್ದಳು,
ನನ್ನನ್ನು ಮರೆತಿದ್ದರು.
ಹಲ್ಲು ಕಿತ್ತು ಜೇಬಿಗೆ ಹಾಕಿ ಬಾಗಿಲು ತಳ್ಳಬಹುದಿತ್ತು.
ಹಣೆಗೆ ಅಂಗೈ ಇಡಬಹುದಿತ್ತು.
ವರ್ಷಕ್ಕೊಮ್ಮೆ ಬಾಗಿಲು ತೆರೆವ ದೇವಿಯ ಊರು ಇದು,
ಕಾಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕರೆಂಟು ಹೋಯಿತು.
ಮೆಟ್ಟಿಲ ಮೇಲೆ ಟಾರ್ಚು, ಬೀಡಿಯ ವಾಸನೆ,
ಕಟ್ಟಡ ಕಾಯುವ ಜವರಯ್ಯ.
ಬೆಳಕು ನನ್ನ ಬಾಯಿಯ ಮೇಲೆ ನಿಂತಿತು.
"ಹಲ್ಲುನೋವೇನವ್ವ?
ಯಾಕೆ ಹೊರಗೇ ನಿಂತಿದ್ದೀ? ಒಳೀಕೆ ಬಾ."

ಅದು ಲೆಕ್ಕಕ್ಕಿಲ್ಲ, ಅವರು ಆಟದಲ್ಲಿಲ್ಲ, ಅಂದ ಇಮ್ರೋಜ್.
ಇದೆ ಅಂದಳು ರಾಣಿ.
ಮೇಣದಬತ್ತಿಯ ಸುತ್ತ ಇಬ್ಬರೂ ಮುಷ್ಟಿ ಆಡಿಸುವಷ್ಟರಲ್ಲಿ
ನಾನು ಒಳಗೆ, ಟೈಪ್‌ರೈಟರ್ ಮೇಜಿನ ಪಕ್ಕ,
ಜವರಯ್ಯ ಎಳೆದುಕೊಟ್ಟ ಸ್ಟೂಲಿನ ಮೇಲೆ ಕೂತಾಗಿತ್ತು.
ಯಾರು ಗೆದ್ದರೋ ನೋಡಲಿಲ್ಲ.

ಸೋಮವಾರ ಹೇಮಾವತಿನಗರ.
ಕುರ್ಚಿ ಹೊರಗೆ ಬಂತು.
ರಟ್ಟೆಗೆ ಪಟ್ಟಿ ಬಿಗಿದೆ, ನರ ತಡವಿದೆ.
ಅವರು ಗೋಡೆ ನೋಡಿದರು,
ನಾನು ತೆರೆದ ಬಾಗಿಲಾಚೆ ನೋಡಿದೆ: ಒಂದು ಫ್ರಿಜ್ಜು, ಒಂದು ಕ್ಯಾಲೆಂಡರು,
ಅಷ್ಟೇ.
ಸಂಜೆ ರಿಪೋರ್ಟು ಬರುತ್ತೆ, ಅನ್ನಲು ಹೋದೆ.
ಹಲ್ಲು ಮನೆಯ ಡಬ್ಬಿಯಲ್ಲಿತ್ತು.
ಆದರೂ
ಥಂಜೆ ಅಂತಲೇ ಬಂತು.